ಒಂದೂವರೆ ಸೆಂಟಿಮೀಟರ್ ಓರೆ

ಗೋಡೆಗೆ ಒರಗಿಸಿಟ್ಟಿದ್ದ ಕ್ಯಾನ್ವಾಸುಗಳ ಸಾಲಿನಿಂದ ಒಂದನ್ನು ಎಳೆದು ತೆಗೆಯುವಾಗ ಉಗುರಿನಗಲದ ಬಿಳಿ ಚಕ್ಕೆಯೊಂದು ನನ್ನ ಪಾದದ ಮೇಲೆ ಬಿತ್ತು. ಹಳೇ ಗೋಡೆಯ ಸುಣ್ಣ ಹಕ್ಕಳೆ ಎದ್ದು ಉದುರುತ್ತದಲ್ಲ, ಹಾಗೆ. ಎಂಟು ವರ್ಷದ ಹಿಂದೆ ಬರೆದ ತೈಲಚಿತ್ರ: ತೆರೆದ ಕಿಟಕಿ, ಗಾಳಿಗೆ ಒಳಕ್ಕೆ ಉಬ್ಬಿದ ಬಿಳಿ ಪರದೆ, ಮುಂದೆ ಖಾಲಿ ಕುರ್ಚಿಯೊಂದರ ಬೆನ್ನು. ಅಗಲ 120 ಸೆಂ.ಮೀ., ಎತ್ತರ 90. ಮಾರಾಟಕ್ಕೆ ಇಟ್ಟಿದ್ದೆ, ಹೋಗಲಿಲ್ಲ. ಆಮೇಲೆ ಮಾರುವ ಮನಸ್ಸೂ ಹೋಯಿತು.

ಅಟ್ಟಕ್ಕೆ ಹಾಕುವುದೋ, ರಿಪೇರಿ ಮಾಡುವುದೋ? ಒಂದು ವಾರ ತೂಗಾಡಿದೆ. ಬೇರೆಯವರ ಚಿತ್ರವಾಗಿದ್ದರೆ ಮುಟ್ಟುತ್ತಿರಲಿಲ್ಲ, ಅದಕ್ಕೆಂದೇ ಕಲಿತ ಸಂರಕ್ಷಕರಿದ್ದಾರೆ. ಇದು ನಾನೇ ಕೆಡಿಸಿದ್ದು, ಹೆಚ್ಚೆಂದರೆ ಇನ್ನೊಂದು ಸಲ ಕೆಡಿಸಿಯೇನು ಎಂದು ಕೈಹಾಕಿದೆ. ಕೆಲಸ ನಡೆದಂತೆ ಬರೆದಿಟ್ಟ ಟಿಪ್ಪಣಿಗಳನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.

ಮೊದಲನೇ ದಿನ

ಇವತ್ತು ಉಪಕರಣ ಮುಟ್ಟಬಾರದು ಅಂತ ಮೊದಲೇ ನಿಶ್ಚಯ ಮಾಡಿಕೊಂಡೆ. ಕೋಣೆಯ ದೀಪ ಆರಿಸಿ, ಚಿತ್ರದ ಬಲ ಅಂಚಿಗೆ ಟಾರ್ಚನ್ನು ಬಹುತೇಕ ತಾಗುವ ಹಾಗೆ ಹಿಡಿದು, ಬೆಳಕು ಮೇಲ್ಮೈ ಸವರಿಕೊಂಡು ಹೋಗುವಂತೆ ಬಿಟ್ಟೆ. ಎದುರಿನಿಂದ ನೋಡಿದರೆ ಕಾಣದ್ದೆಲ್ಲ ಈ ಅಡ್ಡ ಬೆಳಕಿನಲ್ಲಿ ಎದ್ದು ನಿಲ್ಲುತ್ತದೆ. ಕ್ಯಾನ್ವಾಸು ನಡುವೆ ಜೋಲು ಬಿದ್ದಿದೆ. ನಾಲ್ಕೂ ಅಂಚಿನ ಒಳಗೆ, ಅಂಚಿಗೆ ಸಮಾನಾಂತರವಾಗಿ, ಕೂದಲೆಳೆಯಂಥ ಬಿರುಕು ಓಡಿದೆ. ಸ್ಕೇಲು ಇಟ್ಟು ನೋಡಿದರೆ ಅಂಚಿನಿಂದ ಸರಿಯಾಗಿ 4.5 ಸೆಂ.ಮೀ. ಚೌಕಟ್ಟಿನ ಪಟ್ಟಿಯ ಅಗಲವೂ 4.5. ಅಂದರೆ ಬಟ್ಟೆ ಜೋಲು ಬಿದ್ದು ಪಟ್ಟಿಯ ಒಳ ಅಂಚಿನ ಮೇಲೆ ಕೂತಿದೆ, ಬಟ್ಟೆ ಅಲುಗಿದಾಗಲೆಲ್ಲ ಬಣ್ಣ ಅದೇ ಗೆರೆಯಲ್ಲಿ ಮಡಚಿಕೊಂಡಿದೆ. ಪಟ್ಟಿಯ ಮುಂಬದಿಯನ್ನು ಇಳಿಜಾರಾಗಿ ಕೆತ್ತಿದ್ದರೆ ಹೀಗಾಗುತ್ತಿರಲಿಲ್ಲ. ಆಗ ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳು. ಗೊತ್ತಿತ್ತು, ಬೇಸರವಾಗಿತ್ತು ಅಷ್ಟೆ.

ಇವೆಲ್ಲ ಸಹಿಸಬಹುದು. ಪರದೆ ಮಾತ್ರ ಬೇರೆಯೇ ಕತೆ. ಕಿಟಕಿಯ ಕಂಬ, ಗೋಡೆ, ಕುರ್ಚಿ ಎಲ್ಲ ಗಟ್ಟಿ ಇವೆ. ಬಿಳಿ ಇರುವ ಕಡೆ ಮಾತ್ರ, ಒಣಗಿದ ಕೆರೆಯ ಕೆಸರಿನ ಹಾಗೆ ಬಿಲ್ಲೆ ಬಿಲ್ಲೆಯಾಗಿ ಒಡೆದು, ಪ್ರತಿ ಬಿಲ್ಲೆಯ ಅಂಚೂ ಮೇಲೆದ್ದು ಬಟ್ಟಲಿನ ಆಕಾರ ತಳೆದಿದೆ. ಪಾದದ ಮೇಲೆ ಬಿದ್ದ ಚಕ್ಕೆಯನ್ನು ಬಗ್ಗಿಸಿ ನೋಡಿದೆ. ಬಗ್ಗಲಿಲ್ಲ, ಹಪ್ಪಳದ ಹಾಗೆ ಪಟ್ಟೆಂದು ಮುರಿಯಿತು. ಎಂಟು ವರ್ಷದ ಎಣ್ಣೆಬಣ್ಣ ಇಷ್ಟು ಪೆಡಸಾಗಬಾರದು.

ಎರಡನೇ ದಿನ

ಹಳೇ ಟ್ಯೂಬುಗಳ ಡಬ್ಬಿ ಹುಡುಕಿದೆ. ಆ ಕಾಲದಲ್ಲಿ ಬಳಸುತ್ತಿದ್ದ ಬಿಳಿ ಸಿಕ್ಕಿತು, ಬಾಲದಿಂದ ಸುರುಳಿ ಸುತ್ತಿದ್ದು, ಮುಚ್ಚಳ ಕಚ್ಚಿಕೊಂಡಿದ್ದು. ಮುಂದೆ ದೊಡ್ಡದಾಗಿ ಟೈಟಾನಿಯಂ ವೈಟ್. ಹಿಂದೆ, ಭೂತಗನ್ನಡಿ ಹಿಡಿದರಷ್ಟೇ ಕಾಣುವ ಅಕ್ಷರದಲ್ಲಿ ಪಿಡಬ್ಲ್ಯು 6, ಪಿಡಬ್ಲ್ಯು 4.

ಟ್ಯೂಬಿನ ಹೆಸರನ್ನು ತಯಾರಕರು ಹೇಗೆ ಬೇಕಾದರೂ ಇಡಬಹುದು, ಒಳಗೇನಿದೆ ಅಂತ ಹೇಳುವುದು ಈ ಸಂಕೇತ. ಪಿಡಬ್ಲ್ಯು ಅಂದರೆ ಬಿಳಿ ವರ್ಣದ್ರವ್ಯ. 1 ಸೀಸದ ಬಿಳಿ, 4 ಸತುವಿನ ಬಿಳಿ, 6 ಟೈಟಾನಿಯಂ. ಸತುವಿನ ಬಿಳಿ ನೋಡಲು ಚೆಂದ: ತಣ್ಣಗಿನ ಬಿಳುಪು, ಸ್ವಲ್ಪ ಪಾರದರ್ಶಕ, ಟೈಟಾನಿಯಂನಷ್ಟು ದಬ್ಬಾಳಿಕೆ ಇಲ್ಲ. ಆದರೆ ಎಣ್ಣೆಯ ಜೊತೆ ಸೇರಿ ಒಳಗೊಳಗೇ ಸಾಬೂನು ಕಟ್ಟುತ್ತದೆ. ಎಣ್ಣೆಯ ಕೊಬ್ಬಿನಾಮ್ಲಗಳಿಗೆ ಸತು ಅಂಟಿಕೊಂಡು ಆಗುವ ಲೋಹದ ಸಾಬೂನು ಅದು. ಪದರ ಗಡಸಾಗಿ, ಪೆಡಸಾಗಿ, ಕೆಳಗಿನ ಪದರದ ಹಿಡಿತ ಬಿಡುತ್ತದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಮ್ಯಾರಿಯನ್ ಮೆಕ್ಲೆನ್‌ಬರ್ಗ್ ಮತ್ತು ಜೊತೆಗಾರರು ಬಣ್ಣದ ಪದರಗಳನ್ನು ಎಳೆದು ಪರೀಕ್ಷಿಸಿದಾಗ, ಸತು ಇರುವ ಎಣ್ಣೆಬಣ್ಣ ಕೆಲವೇ ವರ್ಷಗಳಲ್ಲಿ ಪೆಡಸಾಗುವುದು ಕಂಡುಬಂತು. ನನ್ನ ಪರದೆ ಅದನ್ನೇ ನನ್ನ ಕೋಣೆಯಲ್ಲಿ ತೋರಿಸಿದೆ.

ಟ್ಯೂಬಿನ ಮೇಲೆ ಸಿಟ್ಟು ಬಂತು, ಆದರೆ ಅವರು ಮುಚ್ಚಿಟ್ಟಿರಲಿಲ್ಲ, ನಾನು ಓದಿರಲಿಲ್ಲ.

ಒಂದು ಮಾತು ನೆನಪಾಯಿತು. ಈ ಚಿತ್ರ ನೋಡಿದವರೆಲ್ಲ ಪರದೆಯನ್ನೇ ಹೊಗಳುತ್ತಿದ್ದರು: ಎಷ್ಟು ಒಣಗಿದ ಹಾಗಿದೆ, ಬಟ್ಟೆಯನ್ನೇ ಅಂಟಿಸಿದ ಹಾಗಿದೆ ಅಂತ. ನಾನೂ ಅದನ್ನು ನನ್ನ ಕೈಚಳಕ ಅಂದುಕೊಂಡು ಹಲ್ಲು ಬಿಡುತ್ತಿದ್ದೆ. ಆ ಒಣಕಲುತನದಲ್ಲಿ ನನ್ನದೆಷ್ಟು, ಸತುವಿನದೆಷ್ಟು, ಈಗ ಹೇಳಲಾರೆ. ವಾನ್ ಗಾಗ್ 1888ರಲ್ಲಿ ಬರೆದ ಮಲಗುವ ಕೋಣೆಯ ಚಿತ್ರದಲ್ಲಿ ಗೋಡೆಗಳು ನೀಲಿ. ಆ ನೀಲಿಯನ್ನು ಮೆಚ್ಚಿ ನಾನೇ ಎಷ್ಟೋ ಸಲ ಮಾತಾಡಿದ್ದೇನೆ. ಅವರು ಬಳಿದದ್ದು ತಿಳಿ ನೇರಳೆ, ಅದರೊಳಗಿನ ಕೆಂಪು ಬೆಳಕಿಗೆ ಮಾಸಿಹೋಗಿ ನೀಲಿ ಉಳಿದಿದೆ. ನಾನು ಮೆಚ್ಚಿದ್ದು ಯಾರ ಕೆಲಸವನ್ನು?

ಮೂರನೇ ದಿನ

ಸ್ಟೇಪಲ್ ಪಿನ್ನುಗಳನ್ನು ಕೀಳುವ ಕೆಲಸ. 96 ಇದ್ದವು. ಚಪ್ಪಟೆ ಸ್ಕ್ರೂಡ್ರೈವರಿನ ತುದಿ ತೂರಿಸಿ ಒಂದು ಕಾಲು ಎಬ್ಬಿಸುವುದು, ಇಕ್ಕಳದಲ್ಲಿ ಹಿಡಿದು ಎಳೆಯುವುದು. ಬಟ್ಟೆ ಬಿಡಿಸಿ, ಬಣ್ಣ ಮೇಲಾಗಿ ಮೇಜಿನ ಮೇಲೆ ಹಾಸಿದೆ. ಸುತ್ತಿಡಲಿಲ್ಲ. ಸುತ್ತಲೇಬೇಕಾಗಿ ಬಂದರೆ ಬಣ್ಣದ ಬದಿ ಹೊರಗೆ ಬರುವಂತೆ ದಪ್ಪ ಕೊಳವೆಗೆ ಸುತ್ತಬೇಕು. ಒಳಕ್ಕೆ ಸುತ್ತಿದರೆ ಬಣ್ಣ ಒತ್ತಿಕೊಂಡು ಮುರಿಯುತ್ತದೆ.

ಬರಿದಾದ ಚೌಕಟ್ಟನ್ನು ನೆಲಕ್ಕಿಟ್ಟು ಕರ್ಣ ಅಳೆದೆ. 90 ಮತ್ತು 120 ಇದ್ದರೆ ಕರ್ಣ 150 ಬರಬೇಕು, ಮೂರು–ನಾಲ್ಕು–ಐದರ ಲೆಕ್ಕ, ಮಕ್ಕಳಿಗೂ ಗೊತ್ತು. ಒಂದು ಕರ್ಣ 151.2 ಬಂತು. ಟೇಪು ಜಾರಿರಬೇಕು ಅಂತ ಇನ್ನೊಮ್ಮೆ ಹಿಡಿದೆ. 151.2. ಇನ್ನೊಂದು ಕರ್ಣ 148.8.

ಚೌಕಟ್ಟು ಆಯತವೇ ಅಲ್ಲ. ಮೇಲಂಚು ಕೆಳಂಚಿಗಿಂತ ಒಂದೂವರೆ ಸೆಂಟಿಮೀಟರ್ ಬಲಕ್ಕೆ ಜರುಗಿದೆ. ಸುಮಾರು ಒಂದು ಡಿಗ್ರಿ ಓರೆ.

ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಯಾಕೆಂದರೆ ಈ ಚಿತ್ರದಲ್ಲಿ ಕಿಟಕಿಯ ಎಡಗಂಬ ಒಂಚೂರು ವಾಲಿದ ಹಾಗೆ ಕಾಣುತ್ತಿತ್ತು. ಬರೆಯುವಾಗ ಕೆಳಂಚಿಗೆ ಮೂಲೆಮಟ್ಟ ಹಿಡಿದು ಕಂಬ ಎಳೆದದ್ದು ಚೆನ್ನಾಗಿ ನೆನಪಿದೆ, ಆದರೂ ವಾಲಿತ್ತು. ನನ್ನ ಕಣ್ಣೇ ಹೀಗೆ ಅಂದುಕೊಂಡೆ. ಅಷ್ಟರಲ್ಲಿ ಗೆಳೆಯನೊಬ್ಬ ಬಂದು, ತಾನೂ ಚಿತ್ರ ಬರೆಯುವವನು, ತುಂಬ ಹೊತ್ತು ನೋಡಿ ಹೇಳಿದ: “ಆ ಕಂಬದ ಓರೆ ಇದೆ ನೋಡು, ಅದರಲ್ಲೇ ಇದರ ಜೀವ ಇರೋದು. ಗಾಳಿ ಬರೀ ಪರದೆಗಲ್ಲ, ಮನೆಗೇ ಬೀಸ್ತಾ ಇದೆ.” ನಾನು “ಹೌದು, ಅದಕ್ಕೇ” ಅಂದೆ. ಅಲ್ಲಿಂದ ಮುಂದೆ ಬೇರೆ ಚಿತ್ರಗಳಲ್ಲೂ ಕಂಬ, ಬಾಗಿಲು, ಮೇಜಿನ ಕಾಲು ಎಲ್ಲವನ್ನೂ ಸ್ವಲ್ಪ ವಾಲಿಸತೊಡಗಿದೆ. ಅದು ನನ್ನ ಶೈಲಿಯಾಯಿತು.

ಕಂಬ ನೆಟ್ಟಗೇ ಇತ್ತು. ವಾಲಿದ್ದು ಅದರ ಪಕ್ಕದ ಕ್ಯಾನ್ವಾಸಿನ ಅಂಚು.

ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ನಕ್ಕೂ ನಕ್ಕೂ ಸುಸ್ತಾದ ಮೇಲೆ, “ಹಾಗಾದ್ರೆ ಎಂಟು ವರ್ಷ ನೀನು ಆ ಚೌಕಟ್ಟಿನ ಶಿಷ್ಯ ಆಗಿದ್ದೆ ಅನ್ನು” ಅಂದ.

ನಾಲ್ಕರಿಂದ ಏಳು

ಹೊಸ ಚೌಕಟ್ಟು. ಮೊದಲು ಅಳತೆಯ ತಲೆನೋವು. ಓರೆ ಚೌಕಟ್ಟಿನಲ್ಲಿ ಎಂಟು ವರ್ಷ ಕೂತ ಬಟ್ಟೆಗೆ ಓರೆಯಾದ ಮಡಿಕೆ ಬಿದ್ದಿದೆ, ಅದರ ಮೇಲಿನ ಬಣ್ಣ ಆಗಲೇ ಬಿರಿದಿದೆ. ನೆಟ್ಟಗಿನ 120ರ ಚೌಕಟ್ಟಿಗೆ ಹಾಕಿದರೆ ಆ ಮಡಿಕೆಯ ಗೆರೆ ಒಂದು ಬದಿಯಲ್ಲಿ ಚಿತ್ರದ ಮುಖಕ್ಕೇ ಬಂದು ಕೂರುತ್ತದೆ. ಓರೆ ಆಕಾರದೊಳಗೆ ಕೂರಬಲ್ಲ ನೆಟ್ಟಗಿನ ಆಯತದ ಅಗಲ 120ರಲ್ಲಿ ಒಂದೂವರೆ ಕಳೆದರೆ 118.5. ಅರ್ಧ ಸೆಂಟಿಮೀಟರ್ ಕೈಗಾವಲು ಬಿಟ್ಟು 118 ಮಾಡಿದೆ. ಎತ್ತರ 90 ಹಾಗೇ ಇರಲಿ. ಕರ್ಣ 148.4 ಬರಬೇಕು. ಇದನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದುಕೊಂಡೆ.

ಮರ ಪೈನ್, ಗಂಟಿಲ್ಲದ್ದು, 45 ಮಿ.ಮೀ. ಅಗಲ, 20 ದಪ್ಪ. ಪಟ್ಟಿ ಆರಿಸುವಾಗ ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಬೇಕು. ಬಿಲ್ಲಿನ ಹಾಗೆ ಬಗ್ಗಿದ್ದರೆ ಹೇಗೋ ಸಂಭಾಳಿಸಬಹುದು, ಹಗ್ಗದ ಹಾಗೆ ತಿರುಚಿಕೊಂಡಿದ್ದರೆ ಬೇಡ. ಎಷ್ಟು ಬಿಗಿ ಮಾಡಿದರೂ ಅದು ಒಂದು ಮೂಲೆಯನ್ನು ಗೋಡೆಯಿಂದ ಎತ್ತಿಯೇ ಎತ್ತುತ್ತದೆ.

ಹಳೆಯದರ ಮೂಲೆಗಳನ್ನು ಅಂಟು ಹಾಕಿ ಮೊಳೆ ಹೊಡೆದು ಕೂರಿಸಿದ್ದೆ. ಈ ಸಲ ಅಂಟಿಲ್ಲ. ಒಂದು ಪಟ್ಟಿಯ ತುದಿಯಲ್ಲಿ ಸೀಳು, ಇನ್ನೊಂದರ ತುದಿಯಲ್ಲಿ ಅದರೊಳಗೆ ಕೂರುವ ನಾಲಗೆ. ಒಳಮೂಲೆಯಲ್ಲಿ ಬೆಣೆ ತೂರಲು ಸಂದು. ಮೂಲೆಗೆ ಎರಡರಂತೆ ಎಂಟು ಬೆಣೆ. ಬಟ್ಟೆ ಮುಂದೊಂದು ದಿನ ಜೋಲು ಬಿದ್ದರೆ ಬೆಣೆಗಳನ್ನು ಒಂದೊಂದು ಏಟು ಬಡಿದರಾಯಿತು, ಚೌಕಟ್ಟೇ ಕೂದಲೆಳೆಯಷ್ಟು ಹಿಗ್ಗಿ ಬಟ್ಟೆಯನ್ನು ಬಿಗಿ ಮಾಡುತ್ತದೆ. ಅಂಟು ಹಾಕಿದ ಮೂಲೆಗೆ ಈ ಭಾಗ್ಯವಿಲ್ಲ.

ನಾಲ್ಕು ಸೀಳುಗಳಲ್ಲಿ ಮೊದಲನೆಯದು ಸಡಿಲವಾಯಿತು. ಗರಗಸವನ್ನು ಗೆರೆಯ ಮೇಲೇ ಓಡಿಸಿದ್ದೆ, ಗೆರೆಯ ಒಳಗೆ ಓಡಿಸಬೇಕಿತ್ತು. ಗೆರೆಯನ್ನು ಉಳಿಸಿಕೊಂಡು ಕೊಯ್ಯಿ, ಉಳಿದದ್ದನ್ನು ಉಳಿಯಿಂದ ತೆಗೆ ಅಂತ ಮರಗೆಲಸದವರು ಹೇಳುವುದು ಸುಮ್ಮನಲ್ಲ. ಮರದ ತೆಳು ಸಿಪ್ಪೆಯೊಂದನ್ನು ಸೀಳಿಗೆ ಅಂಟಿಸಿ ತುಂಬಿಸಿದೆ. ಎರಡನೆಯದು ಪರವಾಗಿಲ್ಲ. ನಾಲ್ಕನೆಯದು ನೋಡಿದರೆ ಯಾರೋ ಬಲ್ಲವರು ಮಾಡಿದ ಹಾಗಿದೆ, ಅಷ್ಟೊತ್ತಿಗೆ ಕೆಲಸ ಮುಗಿದಿತ್ತು.

ಮುಂಬದಿಯ ಇಳಿಜಾರನ್ನು ಕೀಸುಳಿ ಹಿಡಿದು ಹೊಡೆಯಬಹುದು. ನಾನು ಸುಲಭದ ದಾರಿ ಹಿಡಿದೆ: ಹೊರ ಅಂಚಿನುದ್ದಕ್ಕೂ 8 ಮಿ.ಮೀ. ದಪ್ಪದ ಅರ್ಧಗೋಲ ಬೀಡಿಂಗ್ ಪಟ್ಟಿ ಅಂಟಿಸಿದೆ. ಬಟ್ಟೆ ಈಗ ಬೀಡಿಂಗಿನ ಬೆನ್ನ ಮೇಲೆ ಮಾತ್ರ ಕೂರುತ್ತದೆ, ಪಟ್ಟಿಗೆ ತಾಗುವುದಿಲ್ಲ. ನಡುವಿನ ಅಡ್ಡಪಟ್ಟಿಯನ್ನೂ ಅಷ್ಟೇ ಹಿಂದಕ್ಕೆ ತಗ್ಗಿಸಿ ಕೂರಿಸಿದೆ.

ಕರ್ಣ: 148.4, 148.5. ಒಂದು ಮೂಲೆಗೆ ಮರದ ಸುತ್ತಿಗೆಯಿಂದ ಒಂದೇಟು. 148.4, 148.4. ಚಿತ್ರ ಬರೆದು ಮುಗಿಸಿದಾಗ ಆಗದ ಖುಷಿ ಇದರಲ್ಲಾಯಿತು ಅಂತ ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಎಂಟರಿಂದ ಹತ್ತು

ಪರದೆ ಕೆರೆದೆ.

ಒಂದೊಂದೇ ಚಕ್ಕೆಯನ್ನು ಅಂಟು ಹಾಕಿ ಕೂರಿಸುವ ದಾರಿಯೂ ಇತ್ತು. ಆದರೆ ಕಾಯಿಲೆ ಅಂಚಿನಲ್ಲಿಲ್ಲ, ಬಣ್ಣದೊಳಗೇ ಇದೆ. ಇವತ್ತು ಕೂರಿಸಿದ ಚಕ್ಕೆಯ ಪಕ್ಕದ್ದು ನಾಳೆ ಏಳುತ್ತದೆ. ಬಟ್ಟೆಯ ಅಡಿಗೆ ನಯವಾದ ಹಲಗೆ ಇಟ್ಟು, ಮೂಗಿಗೆ ಮಾಸ್ಕ್ ಕಟ್ಟಿ, ಬಾಗುವ ಪ್ಯಾಲೆಟ್ ನೈಫನ್ನು ಬಹುತೇಕ ಮಲಗಿಸಿ, ಬಿಲ್ಲೆಯ ಎದ್ದ ಅಂಚಿನಡಿ ತೂರಿಸಿ ತಳ್ಳಿದೆ. ಬಲ ಬೇಕಾಗಲೇ ಇಲ್ಲ. ದೋಸೆ ಕಾವಲಿ ಬಿಟ್ಟ ಹಾಗೆ ಬಿಟ್ಟುಕೊಂಡಿತು. ಚಿಕ್ಕ ಬಿಲ್ಲೆ ಟಿಕ್ ಅನ್ನುತ್ತಿತ್ತು, ದೊಡ್ಡದು ಸದ್ದಿಲ್ಲದೆ ಬರುತ್ತಿತ್ತು. ಬಿಲ್ಲೆಯ ಬೆನ್ನು ತಿರುಗಿಸಿ ನೋಡಿದರೆ ಕೆಳಗಿನ ಕಂದು ಬಣ್ಣದ ಕಲೆಯೂ ಅಂಟಿರಲಿಲ್ಲ, ಅಷ್ಟು ಚೊಕ್ಕಟವಾಗಿ ಕೈಬಿಟ್ಟಿತ್ತು. ಎಣ್ಣೆಬಣ್ಣವನ್ನು ಒಣ ಉಪ್ಪುಕಾಗದದಿಂದ ಮಾತ್ರ ಉಜ್ಜಬೇಡಿ. ಸೀಸ, ಕ್ಯಾಡ್ಮಿಯಂ ಯಾವುದಿದೆಯೋ, ಆ ಧೂಳು ಪುಪ್ಪುಸಕ್ಕೆ ಹೋಗಬಾರದು.

ಅಡಿಯ ಪದರ ಭದ್ರ. ಅದು ಅಂಬರ್ ಎಂಬ ಕಂದು ಮಣ್ಣುಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಹಾಕಿದ ಮೊದಲ ರೇಖಾಚಿತ್ರ. ಅಂಬರ್ ಮಣ್ಣಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಎಣ್ಣೆ ಬೇಗ ಒಣಗುತ್ತದೆ. ಎಣ್ಣೆಬಣ್ಣ ನೀರಿನ ಬಣ್ಣದಂತೆ ಆರಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವುದು, ಆ ಕೆಲಸಕ್ಕೆ ಮ್ಯಾಂಗನೀಸ್ ಚುರುಕು ಮುಟ್ಟಿಸುತ್ತದೆ. ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಅನ್ನುವ ನಿಯಮವನ್ನು ಕನಿಷ್ಠ ಇಲ್ಲಾದರೂ ಪಾಲಿಸಿದ್ದೆ.

ಎಂಟು ವರ್ಷದ ಕೊಳೆ ತೆಗೆಯಲು ಹತ್ತಿಕಡ್ಡಿಗೆ ಎಂಜಲು ಬಳಸಿದೆ. ಮುಖ ಸಿಂಡರಿಸಬೇಡಿ, ಸಂರಕ್ಷಕರೂ ಮಾಡುವುದು ಇದನ್ನೇ. ಎಂಜಲಿನಲ್ಲಿರುವ ಅಮೈಲೇಸ್ ಕಿಣ್ವ ಕೊಳೆಯನ್ನು ಸಡಿಲಿಸುತ್ತದೆ. ಇದನ್ನು ಪರೀಕ್ಷಿಸಿದ ಪೋರ್ಚುಗಲ್ಲಿನ ಸಂಶೋಧಕರಿಗೆ 2018ರಲ್ಲಿ ಇಗ್ ನೊಬೆಲ್ ಬಂತು, ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಆ ತಮಾಷೆಯ ಬಹುಮಾನ. ನಲವತ್ತು ಕಡ್ಡಿ ಆಗುವಷ್ಟರಲ್ಲಿ ಬಾಯಿ ಒಣಗಿತು. ಒಮ್ಮೆ ಬಣ್ಣ ಮುಟ್ಟಿದ ಕಡ್ಡಿ ಮತ್ತೆ ಬಾಯಿಗೆ ಹೋಗಬಾರದು, ಅದು ನೆನಪಿರಲಿ.

ಹನ್ನೊಂದನೇ ದಿನ

ಬಟ್ಟೆ ಎಳೆದು ಕಟ್ಟುವುದು. ಹೊಸ ಕ್ಯಾನ್ವಾಸಾದರೆ ಇಕ್ಕಳ ಹಿಡಿದು ಜಗ್ಗಬಹುದು, ಬಣ್ಣ ಹೊತ್ತ ಹಳೇ ಬಟ್ಟೆಗೆ ಬೆರಳೇ ಸರಿ. ಕೋಣೆ ಬೆಚ್ಚಗಿರುವ ಹೊತ್ತು ನೋಡಿಕೊಂಡೆ, ತಣ್ಣಗಿದ್ದರೆ ಬಣ್ಣ ಬಿರುಸಾಗಿರುತ್ತದೆ. ನಾಲ್ಕು ಬದಿಯ ನಡುವೆ ಒಂದೊಂದು ಪಿನ್ನು, ಆಮೇಲೆ ಒಂದು ಬದಿಯಲ್ಲಿ ಹೊಡೆದದ್ದಕ್ಕೆ ಎದುರು ಬದಿಯಲ್ಲಿ ಇನ್ನೊಂದು, ಹೀಗೆ ನಡುವಿನಿಂದ ಮೂಲೆಯ ಕಡೆಗೆ. ಮೂಲೆ ಕೊನೆಗೆ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬಟ್ಟೆಯ ನೂಲೇ ಸೊಟ್ಟಗಾಗುತ್ತದೆ. ಮತ್ತೊಂದು ಓರೆ ನನಗೆ ಬೇಡವಾಗಿತ್ತು.

ಬೆಣೆಗಳನ್ನು ಹಾಕಿ, ಪ್ರತಿಯೊಂದಕ್ಕೂ ಒಂದು ಸಣ್ಣ ಏಟು, ಸುತ್ತು ಬಂದು ಇನ್ನೊಂದು. ಹಿಂದಿನಿಂದ ಬೆರಳಿನಲ್ಲಿ ತಟ್ಟಿದರೆ ಮಂದ್ರದಲ್ಲಿ ಡುಬ್ ಅನ್ನುತ್ತದೆ. ಸಾಕು.

ಎಡ ಕೆಳಮೂಲೆಯಲ್ಲಿ ಒಂದೂವರೆ ಸೆಂಟಿಮೀಟರ್ ಚಿತ್ರ ಪಕ್ಕಕ್ಕೆ ಮಡಚಿಕೊಂಡು ಹೋಯಿತು, ಅದರ ಜೊತೆ ನನ್ನ ಸಹಿಯ ಮೊದಲಕ್ಷರವೂ. ಮುಂದಿನಿಂದ ನೋಡಿದರೆ ಈಗ ಬೇರೆ ಯಾರದೋ ಹೆಸರು.

ಹನ್ನೆರಡರಿಂದ ಹದಿನಾರು

ಈಸೆಲ್ ಮೇಲೆ ಇಟ್ಟು ದೂರ ಬಂದೆ. ಪರದೆ ಇದ್ದ ಕಡೆ ಬರೀ ಕಂದು ರೇಖೆ, ಅಲ್ಲಲ್ಲಿ ತೊಳೆದ ಹಾಗೆ ತೆಳುವಾದ ನೆರಳು, ಮಿಕ್ಕಿದ್ದೆಲ್ಲ ಪ್ರೈಮರಿನ ಬಿಳಿ. ಎಷ್ಟು ಚೆಂದ ಕಂಡಿತೆಂದರೆ ಬ್ರಶ್ ಮುಟ್ಟುವುದೇ ಬೇಡ ಅನ್ನಿಸಿತು. ಎಂಟು ವರ್ಷದ ಹಿಂದಿನ ಕೈ ಎಷ್ಟು ಸಲೀಸಾಗಿ ಓಡಿದೆ! ಮೂರು ದಿನ ಅದನ್ನೇ ನೋಡುತ್ತ ಕೂತೆ. ಕೆರೆದಾಗ ಸಿಕ್ಕಿದ ನಿಧಿ ಅಂತ ಗೆಳೆಯನಿಗೂ ಕೊಚ್ಚಿಕೊಂಡೆ.

ನಾಲ್ಕನೇ ದಿನ ಕನ್ನಡಿ ತಂದೆ. ಚಿತ್ರವನ್ನು ಕನ್ನಡಿಯಲ್ಲಿ ನೋಡು, ಎಡಬಲ ಅದಲುಬದಲಾಗಿ ಬೇರೆಯವರು ಬರೆದದ್ದರ ಹಾಗೆ ಕಾಣುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ ಅಂತ ಲಿಯೊನಾರ್ಡೊ ಬರೆದಿಟ್ಟಿದ್ದಾನೆ. ಐನೂರು ವರ್ಷ ಹಳೆಯ ಈ ಉಪಾಯಕ್ಕಿಂತ ಅಗ್ಗದ ಗುರು ನನಗೆ ಸಿಕ್ಕಿಲ್ಲ. ಕನ್ನಡಿಯಲ್ಲಿ ಕಂಡದ್ದು ಒಂದು ಅರ್ಧ ಚಿತ್ರ. ಕುರ್ಚಿಯ ಬೆನ್ನ ಮೇಲೆ ಬೆಳಕಿನ ಪಟ್ಟೆ ಬಿದ್ದಿದೆ, ಪರದೆಯ ಮೂಲಕ ಸೋಸಿ ಬಂದ ಬೆಳಕು ಅದು. ಪರದೆ ಇಲ್ಲ, ಬೆಳಕು ಮಾತ್ರ ಇದೆ. ಕುರ್ಚಿ ಸುಳ್ಳು ಹೇಳುತ್ತಿತ್ತು. ಸಿಕ್ಕಿದ್ದು ಚೆಂದ ಅನ್ನುವ ಕಾರಣಕ್ಕೇ ಅದನ್ನು ಉಳಿಸಿಕೊಂಡರೆ, ಓರೆ ಚೌಕಟ್ಟಿನ ಕತೆ ಮತ್ತೆ ಶುರುವಾದ ಹಾಗೆ.

ಪರದೆ ಬರೆಯಬೇಕು.

ಹದಿನೇಳನೇ ದಿನ, ಮತ್ತು ಆಮೇಲಿನ ಸೋಲುಗಳು

ಕಂದು ಪದರಕ್ಕೆ ಹೊಸ ಬಣ್ಣದ ಹಿಡಿತ ಸಿಗಲೆಂದು 400ರ ವಾಟರ್ ಪೇಪರ್ ಎಂಬ ನಯ ಉಪ್ಪುಕಾಗದವನ್ನು ಒದ್ದೆ ಮಾಡಿ ಮೆಲ್ಲಗೆ ಒಂದು ಸಲ ಉಜ್ಜಿದೆ. ಆರಿದ ಮೇಲೆ ಲಿನ್‌ಸೀಡ್ ಎಣ್ಣೆಯ ಎರಡು ಹನಿ ಬಟ್ಟೆಗೆ ಹಾಕಿ ಸವರಿ, ಒಣ ಬಟ್ಟೆಯಿಂದ ಒರೆಸಿ ತೆಗೆದೆ. ಮಂಕಾಗಿದ್ದ ಕಂದು ಒದ್ದೆ ಮಣ್ಣಿನ ಹಾಗೆ ಆಳವಾಯಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮಡಿಕೆಯೊಳಗೆ ಆ ಬಿಸಿ ಕೂಡಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ನನ್ನ ಬಳಿ ಇದಕ್ಕೆಂದೇ ಮುಚ್ಚಳದ ತಗಡಿನ ಡಬ್ಬಿ ಇದೆ, ಒಳಗೆ ನೀರು.

ಹೊಸ ಟ್ಯೂಬು, ಹಿಂಬದಿ ಮೊದಲು ಓದಿದೆ: ಪಿಡಬ್ಲ್ಯು 6 ಒಂದೇ.

ಟೈಟಾನಿಯಂ ಮುಚ್ಚುವ ಬಣ್ಣ. ಹಿಂದೆ ಅದನ್ನು ತಪ್ಪಿಸಿಕೊಳ್ಳುವ ಉಪಾಯ ನನಗೆ ತಿಳಿಯದೇ ಸತುವೇ ಕೈಹಿಡಿದಿತ್ತು ಅಂತ ಈಗ ಅರ್ಥವಾಗುತ್ತದೆ. ಮೊದಲ ಪ್ರಯತ್ನದಲ್ಲಿ ಪರದೆ ಗಿಲಾಯಿ ಮಾಡಿದ ಗೋಡೆಯ ಹಾಗಾಯಿತು. ಒದ್ದೆಯಿರುವಾಗಲೇ ಒರೆಸಿದೆ. ಎರಡನೆಯದನ್ನು ರಾತ್ರಿ ಬಲ್ಬಿನಡಿ ಬರೆದೆ. ಬಿಸಿ ಬಿಳಿ, ತಣ್ಣಗಿನ ಬಿಳಿ ಎಂದು ಎರಡು ಬೆರೆಸಿಕೊಂಡಿದ್ದೆ, ಹಳದಿ ದೀಪದಲ್ಲಿ ಎರಡೂ ಒಂದೇ ಆಗಿ ಎಲ್ಲಿ ಯಾವುದನ್ನು ಹಾಕಿದೆನೋ. ಬೆಳಿಗ್ಗೆ ನೋಡಿದರೆ ತೇಪೆ ಹಾಕಿದ ಪರದೆ. ಒರೆಸಿದೆ. ಮೂರನೆಯದು ತಪ್ಪೇನಿರಲಿಲ್ಲ, ಹಳೇ ಪರದೆಯ ನಕಲಾಗಿತ್ತು. ಹಳೇ ಚಿತ್ರದ ಫೋಟೋ ಪಕ್ಕದಲ್ಲಿಟ್ಟುಕೊಂಡಿದ್ದೆ, ಅದೇ ಕಾರಣ. ಬಣ್ಣ ಹೊಂದಿಸಬಹುದು, ಕೈಯ ವೇಗ ಹೊಂದಿಸಲು ಆಗುವುದಿಲ್ಲ. ಆಗಿನ ಕೈಗೆ ಅವಸರವಿತ್ತು, ಈಗಿನದು ಅನುಮಾನಿಸುತ್ತದೆ. ಫೋಟೋ ಎತ್ತಿಟ್ಟು ಅದನ್ನೂ ಒರೆಸಿದೆ.

ನಾಲ್ಕನೇ ಸಲ ಬ್ರಶ್ ಬದಲಿಸಿದೆ. ತುದಿ ಸವೆದು ಮೊಂಡಾದ ಹಂದಿಗೂದಲಿನ ಹಳೇ ಬ್ರಶ್, ಎಸೆಯಲು ಇಟ್ಟಿದ್ದು. ಗಾಜಿನ ಪ್ಯಾಲೆಟ್ ಮೇಲೆ ಒಂದು ಬಟಾಣಿಯಷ್ಟು ಬಿಳಿ, ಅದಕ್ಕೆ ಸೂಜಿಮೊನೆಯಷ್ಟು ಹಳದಿ ಓಕರ್. ಬ್ರಶ್ ತುಂಬಿಸಿ, ಅರ್ಧಕ್ಕಿಂತ ಹೆಚ್ಚನ್ನು ಚಿಂದಿಗೆ ಒರೆಸಿ, ಉಳಿದ ಒಣ ಬಣ್ಣವನ್ನು ಕಂದಿನ ಮೇಲೆ ಉಜ್ಜಿದೆ. ಬಳಿಯುವುದಲ್ಲ, ಉಜ್ಜುವುದು, ಬ್ರಶ್ಶನ್ನು ಮಲಗಿಸಿ ವೃತ್ತಾಕಾರದಲ್ಲಿ. ಬಣ್ಣ ನೇಯ್ಗೆಯ ಉಬ್ಬುಗಳಿಗೆ ಮಾತ್ರ ಹತ್ತಿತು, ತಗ್ಗುಗಳಲ್ಲಿ ಕಂದು ಉಳಿಯಿತು. ಆಗ ನೋಡಿ, ಪ್ಯಾಲೆಟ್ ಮೇಲೆ ನೀಲಿಯ ಹನಿಯೂ ಇಲ್ಲದಿದ್ದರೂ ಪರದೆಯ ನೆರಳು ನೀಲಿಗಪ್ಪಾಯಿತು. ಕಪ್ಪು ಗೋಡೆಯ ಎದುರು ಊದುಬತ್ತಿಯ ಹೊಗೆ ನೀಲಿಯಾಗಿ ಕಾಣುವುದೂ ಹೀಗೇ: ತೆಳು ಬಿಳಿಯ ಕಣಗಳು ಬೆಳಕಿನ ನೀಲಿ ಭಾಗವನ್ನು ಹೆಚ್ಚು ಚದುರಿಸುತ್ತವೆ. ಕಪ್ಪಿನ ಮೇಲೆ ಬಿಳಿ ತೆಳುವಾದಷ್ಟೂ ತಣ್ಣಗೆ, ದಪ್ಪವಾದಷ್ಟೂ ಬೆಚ್ಚಗೆ. ಸತುವಿನಿಂದ ಪಡೆದಿದ್ದ ಪಾರದರ್ಶಕತೆ ಟೈಟಾನಿಯಂ ಅನ್ನು ಕಡಿಮೆ ಹಾಕುವುದರಲ್ಲೇ ಇತ್ತು. ಮಡಿಕೆಯ ನೆತ್ತಿ, ಬೆಳಕು ನೇರ ಬೀಳುವಲ್ಲಿ ಮಾತ್ರ, ನೈಫಿನಲ್ಲಿ ಎರಡು ಕಡೆ ದಪ್ಪ ಬಣ್ಣ ಇಟ್ಟೆ. ಮೂರನೇ ಕಡೆ ಇಡಲು ಹೋಗಿ ಕೈ ಹಿಂದಕ್ಕೆಳೆದೆ.

ಹಳೇ ಪರದೆಯಷ್ಟು ಹೊಳಪಿಲ್ಲ ಇದು. ಯಾರೂ ಇದನ್ನು ಬಟ್ಟೆ ಅಂಟಿಸಿದ ಹಾಗಿದೆ ಅನ್ನಲಾರರು. ಕುರ್ಚಿಯ ಮೇಲಿನ ಬೆಳಕು ಮಾತ್ರ ಎಲ್ಲಿಂದ ಬಂತು ಅಂತ ಈಗ ತಿಳಿಯುತ್ತದೆ.

ಇಪ್ಪತ್ತಾರನೇ ದಿನ

ಮುಟ್ಟಿದರೆ ತೆಳು ಭಾಗ ಒಣಗಿದೆ, ನೆತ್ತಿಯ ದಪ್ಪ ಬಣ್ಣ ಇನ್ನೂ ಬೆಣ್ಣೆ. ಕಂಬದ ವಿಚಾರ ಮಾತ್ರ ಬಾಕಿ ಇತ್ತು.

ನೆಟ್ಟಗಿನ ಚೌಕಟ್ಟಿನಲ್ಲಿ ಕಂಬವೂ ನೆಟ್ಟಗಾಗಿದೆ. ಅಂಚಿಗೆ ಅದು ಎಷ್ಟು ಸಮಾನಾಂತರವೆಂದರೆ ಚಿತ್ರದೊಳಗೆ ಇನ್ನೊಂದು ಚೌಕಟ್ಟು ಹಾಕಿದ ಹಾಗೆ. ಪರದೆ ಗಾಳಿಗೆ ಉಬ್ಬಿದೆ, ಕಿಟಕಿ ಅಟೆನ್ಷನ್‌ನಲ್ಲಿ ನಿಂತಿದೆ. ಗೆಳೆಯ ಬಂದು ನೋಡಿದ, ಮಾತಾಡಲಿಲ್ಲ. ಆಮೇಲೆ, “ನಾನೊಂದು ಹೇಳ್ತೀನಿ, ಬೈಬೇಡ” ಅಂದ. ಅವನು ಹೇಳುವುದು ಗೊತ್ತಿತ್ತು.

ನಾಲ್ಕು ದಿನ ಕಣ್ಣು ಕಿರಿದು ಮಾಡಿ ನೋಡಿದೆ, ಕನ್ನಡಿಯಲ್ಲಿ ನೋಡಿದೆ, ತಲೆಕೆಳಗು ಮಾಡಿಯೂ ನೋಡಿದೆ. ಬರೀ ಅಭ್ಯಾಸಕ್ಕೆ ಓರೆ ಬೇಕೆನ್ನಿಸುತ್ತಿದೆಯೋ, ಚಿತ್ರಕ್ಕೇ ಬೇಕೋ? ಕಪ್ಪು ದಾರವೊಂದನ್ನು ಕಂಬದ ಹೊರಗೆರೆಯ ಮೇಲೆ ಅಂಟುಟೇಪಿನಿಂದ ಇಳಿಬಿಟ್ಟು, ಮೇಲ್ತುದಿಯನ್ನು ಸ್ವಲ್ಪ ಸ್ವಲ್ಪ ಬದಿಗೆ ಸರಿಸುತ್ತ ಹೋದೆ. ಬಲಕ್ಕೆ ಅಲ್ಲ, ಎಡಕ್ಕೆ, ಪರದೆ ತಳ್ಳುವುದಕ್ಕೆ ಎದುರಾಗಿ ಅಲ್ಲ, ಅದರಿಂದ ದೂರ ಸರಿದ ಹಾಗೆ. ಹದಿನೈದು ಮಿ.ಮೀ. ಆದಾಗ ಕಿಟಕಿ ಬಿದ್ದೇ ಹೋಗುವಂತಿತ್ತು. ಆರರಲ್ಲಿ ದಾರವಿದೆ ಅನ್ನುವುದೇ ಮರೆತುಹೋಯಿತು. ಆ ಗೆರೆಗೆ ಪೆನ್ಸಿಲ್ ಹಿಡಿದು, ಅಂಬರ್ ಮತ್ತು ಅಲ್ಟ್ರಾಮರೀನ್ ನೀಲಿ ಬೆರೆಸಿ ಕಂಬದ ಹೊರಬದಿ ತಿದ್ದಿದೆ. ಇಪ್ಪತ್ತು ನಿಮಿಷದ ಕೆಲಸ.

ಅದೇ ಸಂಜೆ ಉಳಿದ ಕ್ಯಾನ್ವಾಸುಗಳನ್ನು ಗೋಡೆಯಿಂದ ಒಂದೊಂದಾಗಿ ಹೊರಗೆಳೆದು ಕರ್ಣ ಅಳೆದೆ, ಟಾರ್ಚ್ ಹಿಡಿದೆ. ಆ ಕಾಲದ ಆರರಲ್ಲಿ ಎರಡಕ್ಕೆ ಅದೇ ಬಿಳಿ ಬಳಿದಿದ್ದೇನೆ. ಒಂದರಲ್ಲಿ ಮೋಡ, ಇನ್ನೊಂದರಲ್ಲಿ ಅಂಗಿ. ಮೋಡ ಆಗಲೇ ಬಿರಿಯತೊಡಗಿದೆ.

ವಾರ್ನಿಶ್‌ಗೆ ಇನ್ನೂ ಕಾಯಬೇಕು, ದಪ್ಪ ಬಣ್ಣ ಒಳಗೂ ಗಟ್ಟಿಯಾಗಲು ಆರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಮರೆಯದಿರಲಿ ಎಂದು ಚಿತ್ರದ ಹಿಂದೆ, ಮರದ ಅಡ್ಡಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟೆ:

ಹತ್ತಿ ಬಟ್ಟೆ, ಅಕ್ರಿಲಿಕ್ ಪ್ರೈಮರ್. ಹಳೇ ಪರದೆ ಕೆರೆದಿದೆ. ಹೊಸ ಪರದೆ ಪಿಡಬ್ಲ್ಯು 6, ಸತು ಇಲ್ಲ. ಮೂಲೆಗೆ ಅಂಟಿಲ್ಲ, ಬೆಣೆ ಬಡಿಯಬಹುದು. ವಾರ್ನಿಶ್ ಆಗಿಲ್ಲ. ಎಡಗಂಬ 6 ಮಿ.ಮೀ. ಓರೆ, ಬೇಕಂತಲೇ.